ನದಿಯ ತಳದ ವಿಷಕ್ಕೆ ಹಣ ಕೊಡುವವರು ಯಾರು?
ಅಮೆರಿಕದ ಸರೋವರ ತೀರದ ಊರೊಂದು ಕಂಡುಕೊಂಡ ಪಾಲುಗಾರಿಕೆಯ ದಾರಿ

ಕಾರ್ಖಾನೆಯ ಕೊಳವೆಯಿಂದ ನದಿಗೆ ಬೀಳುವ ಕೊಳೆಯನ್ನು ಒಂದು ಆದೇಶದಿಂದ ನಿಲ್ಲಿಸಬಹುದು. ಆದರೆ ಆ ಕೊಳವೆ ಮುಚ್ಚುವ ಮೊದಲೇ ನದಿಯ ತಳ ಸೇರಿ ಹೂಳಾಗಿ ಕುಳಿತ ವಿಷವನ್ನು ಯಾವ ಆದೇಶವೂ ತಾನಾಗಿ ಎತ್ತಲಾರದು. ಅದಕ್ಕೆ ಯಂತ್ರ ಬೇಕು, ಎತ್ತಿದ್ದನ್ನು ಹೂಳಲು ಜಾಗ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಹಣ ಬೇಕು. ವಿಷ ಸುರಿದು ಮೂವತ್ತು ನಲವತ್ತು ವರ್ಷಗಳಾದ ಮೇಲೆ ಆ ಹಣವನ್ನು ಯಾರು ಕೊಡಬೇಕು ಎಂಬುದೇ ದೊಡ್ಡ ಪ್ರಶ್ನೆ. ಅಮೆರಿಕದ ಓಹಿಯೋ ರಾಜ್ಯದ ಈಶಾನ್ಯ ಮೂಲೆಯಲ್ಲಿರುವ ಅಶ್ಟಬ್ಯುಲಾ ಎಂಬ ಸಣ್ಣ ಪಟ್ಟಣ ಈ ಪ್ರಶ್ನೆಯನ್ನು ಎದುರಿಸಿದ ರೀತಿ ಗಮನಾರ್ಹವಾಗಿದೆ.

ನದಿಗೆ ಆದದ್ದೇನು?

ಸುಮಾರು 18 ಸಾವಿರ ಜನರಿರುವ ಈ ಪಟ್ಟಣದ ಮೂಲಕ ಹರಿಯುವ ಅಶ್ಟಬ್ಯುಲಾ ನದಿ ಈರಿ ಸರೋವರವನ್ನು ಸೇರುತ್ತದೆ. ನದಿಯ ಮುಖದಲ್ಲಿ ಬಂದರಿದೆ. ನದಿಗೆ ಕೂಡುವ ಫೀಲ್ಡ್ಸ್ ಬ್ರೂಕ್ ಎಂಬ ತೊರೆಯ ದಂಡೆಯಲ್ಲಿ ರಾಸಾಯನಿಕ ಕಾರ್ಖಾನೆಗಳು ತಲೆಯೆತ್ತಿದವು. 1940ರ ದಶಕದಿಂದ 1970ರ ದಶಕದ ಕೊನೆಯವರೆಗೆ ಇಲ್ಲಿನ ತ್ಯಾಜ್ಯಕ್ಕೆ ಹೇಳಿಕೊಳ್ಳುವಂಥ ನಿಯಂತ್ರಣವಿರಲಿಲ್ಲ. ಹೀಗೆ ನದಿ ಸೇರಿದ ವಸ್ತುಗಳಲ್ಲಿ ಮುಖ್ಯವಾದದ್ದು ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಅಂದರೆ ಪಿಸಿಬಿ. ವಿದ್ಯುತ್ ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಒಂದು ಕಾಲಕ್ಕೆ ಹೇರಳವಾಗಿ ಬಳಕೆಯಲ್ಲಿದ್ದ ಈ ರಾಸಾಯನಿಕದ ತಯಾರಿಕೆಯನ್ನು ಅಮೆರಿಕ 1979ರಲ್ಲಿ ನಿಷೇಧಿಸಿತು.

ಪಿಸಿಬಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದು ನುಣುಪಾದ ಮಣ್ಣಿನ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತದೆ. ತಳದ ಹುಳುಗಳಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಮನುಷ್ಯರ ತಟ್ಟೆಗೆ ಅದು ಸಾಗುತ್ತದೆ. ಪ್ರತಿ ಹಂತದಲ್ಲೂ ಅದರ ಸಾಂದ್ರತೆ ಹೆಚ್ಚುತ್ತದೆ. ಮೇಲಿನ ನೀರು ತಿಳಿಯಾಗಿ ಕಂಡರೂ ಮೀನು ತಿನ್ನಲು ಯೋಗ್ಯವಲ್ಲದಿರುವುದು ಈ ಕಾರಣದಿಂದ. ಅಶ್ಟಬ್ಯುಲಾದ ಮೀನಿನ ಬಗ್ಗೆ 1983ರಲ್ಲಿಯೇ ಆರೋಗ್ಯ ಎಚ್ಚರಿಕೆ ಹೊರಬಿದ್ದಿತು.

ಹೂಳು ಇನ್ನೊಂದು ತೊಂದರೆಯನ್ನೂ ತಂದಿತು. ದೋಣಿ, ಹಡಗುಗಳು ಓಡಾಡಲು ನದಿಯ ಹೂಳನ್ನು ಆಗಾಗ ತೆಗೆಯಬೇಕು. ಆದರೆ ವಿಷ ಬೆರೆತ ಹೂಳನ್ನು ಮಾಮೂಲಿನಂತೆ ಸರೋವರದಲ್ಲಿ ಸುರಿಯುವಂತಿಲ್ಲ. ಪಿಸಿಬಿ ಪ್ರಮಾಣ ದಶಲಕ್ಷಕ್ಕೆ 50 ಭಾಗ ಮುಟ್ಟಿದರೆ ಅದನ್ನು ವಿಶೇಷ ಭೂಭರ್ತಿಗೇ ಸಾಗಿಸಬೇಕೆಂದು ಕಾನೂನು ಹೇಳುತ್ತದೆ. ಇದರ ಖರ್ಚಿಗೆ ಹೆದರಿ ಹೂಳು ತೆಗೆಯುವುದು ಮುಂದಕ್ಕೆ ಹೋಯಿತು. ನದಿ ಆಳ ಕಳೆದುಕೊಳ್ಳುತ್ತ ಹೋಯಿತು. ದೋಣಿಗಳ ತಳ ಕೆಸರಿಗೆ ತಾಗತೊಡಗಿತು.

ನ್ಯಾಯಾಲಯವೋ, ಮಾತುಕತೆಯೋ?

ಮಲಿನ ಮಾಡಿದವರಿಂದಲೇ ಖರ್ಚು ವಸೂಲು ಮಾಡುವ ಕಾನೂನು ಅಮೆರಿಕದಲ್ಲಿ 1980ರಿಂದಲೇ ಇದೆ. 'ಸೂಪರ್‌ಫಂಡ್' ಎಂದೇ ಹೆಸರಾದ ಈ ಕಾಯ್ದೆ ಹಳೆಯ ಕೃತ್ಯಗಳಿಗೂ ಅನ್ವಯಿಸುತ್ತದೆ. ಫೀಲ್ಡ್ಸ್ ಬ್ರೂಕ್ ತೊರೆಯನ್ನು 1983ರಲ್ಲಿ ಈ ಕಾಯ್ದೆಯ ಪಟ್ಟಿಗೆ ಸೇರಿಸಲಾಯಿತು. ನದಿಯನ್ನೂ ಸೇರಿಸಬೇಕೆ ಎಂಬ ಪ್ರಶ್ನೆ ಬಂದಾಗ ಊರಿನವರು ಅಳುಕಿದರು. ಪಟ್ಟಿಗೆ ಸೇರಿದರೆ ಊರಿಗೆ ಕಳಂಕ ಅಂಟುತ್ತದೆ. ಯಾರ ಪಾಲೆಷ್ಟು ಎಂಬ ವ್ಯಾಜ್ಯದಲ್ಲಿ ವರ್ಷಗಳು ಉರುಳುತ್ತವೆ ಎಂಬ ಭಯ ಅವರದಾಗಿತ್ತು. ವಿಷ ಸುರಿದ ಕಂಪನಿಗಳಲ್ಲಿ ಕೆಲವು ಕೈ ಬದಲಾಗಿ, ಕೆಲವು ಮುಚ್ಚಿಹೋಗಿದ್ದರೆ ಅವುಗಳ ಪಾಲನ್ನು ಹೊರುವವರು ಯಾರು ಎಂಬ ತೊಡಕು ಇಂಥ ಪ್ರಕರಣಗಳಲ್ಲಿ ಸಾಮಾನ್ಯ.

ಈ ಹಿನ್ನೆಲೆಯಲ್ಲಿ 1994ರಲ್ಲಿ 'ಅಶ್ಟಬ್ಯುಲಾ ನದಿ ಪಾಲುದಾರಿಕೆ' ರೂಪುಗೊಂಡಿತು. ಸರ್ಕಾರಿ ಇಲಾಖೆಗಳು, ಕಂಪನಿಗಳು, ನಾಗರಿಕರು ಒಂದೇ ಮೇಜಿನ ಸುತ್ತ ಕುಳಿತರು. ಯೋಜನೆ ಸಿದ್ಧವಾಯಿತು, ಆದರೆ ಅದಕ್ಕೆ ಬೇಕಾದ ಹಣದ ಮೂಲ ಸಿಗಲಿಲ್ಲ.

65-35ರ ಸೂತ್ರ

ಆ ಮೂಲ ಒದಗಿದ್ದು 2002ರ ನವೆಂಬರ್‌ನಲ್ಲಿ ಜಾರಿಗೆ ಬಂದ 'ಗ್ರೇಟ್ ಲೇಕ್ಸ್ ಲೆಗಸಿ' ಕಾಯ್ದೆಯಿಂದ. ಅಮೆರಿಕ ಮತ್ತು ಕೆನಡಾ ದೇಶಗಳು ಮಹಾ ಸರೋವರಗಳ ಸುತ್ತ ಒಟ್ಟು 43 ಮಲಿನ ಪ್ರದೇಶಗಳನ್ನು ಗುರುತಿಸಿದ್ದವು. ಇವುಗಳ ಪೈಕಿ ಅಮೆರಿಕದ ಭಾಗದಲ್ಲಿರುವ ಹೂಳಿನ ಶುದ್ಧೀಕರಣಕ್ಕೆ 2004ರಿಂದ 2008ರವರೆಗೆ ವರ್ಷಕ್ಕೆ 5 ಕೋಟಿ ಡಾಲರ್‌ವರೆಗೆ ನೀಡಲು ಕಾಯ್ದೆ ಅವಕಾಶ ಕೊಟ್ಟಿತು. 2010ರಿಂದೀಚೆಗೆ ಮಹಾ ಸರೋವರಗಳ ಪುನಶ್ಚೇತನ ಕಾರ್ಯಕ್ರಮದ ಮೂಲಕ ಈ ಕೆಲಸಕ್ಕೆ ಹಣ ಹರಿಯುತ್ತಿದೆ.

ಕಾಯ್ದೆಯ ತಿರುಳು ಸರಳ. ಖರ್ಚಾಗುವ ಪ್ರತಿ ನೂರು ಡಾಲರಿನಲ್ಲಿ ಕೇಂದ್ರ ಸರ್ಕಾರ ಹೆಚ್ಚೆಂದರೆ 65 ಕೊಡುತ್ತದೆ. ಉಳಿದ 35ನ್ನು, ಅಥವಾ ಅದಕ್ಕಿಂತ ಹೆಚ್ಚನ್ನು, ಸ್ಥಳೀಯ ಪಾಲುದಾರರು ಹೊಂದಿಸಬೇಕು. ರಾಜ್ಯ, ನಗರಾಡಳಿತ, ಬಂದರು ಪ್ರಾಧಿಕಾರ, ಕಂಪನಿ ಯಾರೂ ಪಾಲುದಾರರಾಗಬಹುದು. ಪಾಲು ನಗದಾಗಿಯೇ ಇರಬೇಕೆಂದಿಲ್ಲ. ಕೆಲಸದ ಮೌಲ್ಯವೂ ಲೆಕ್ಕಕ್ಕೆ ಸೇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕಂಪನಿ ಸಮ್ಮತಿಯ ಒಪ್ಪಂದಕ್ಕೆ ಬಂದು ಕೊಟ್ಟ ಹಣವನ್ನು ಸ್ಥಳೀಯ ಪಾಲಿಗೆ ಸೇರಿಸಬಹುದು. ನ್ಯಾಯಾಲಯದ ಆದೇಶಕ್ಕೆ ಅಥವಾ ಸರ್ಕಾರದ ಏಕಪಕ್ಷೀಯ ಆಜ್ಞೆಗೆ ಮಣಿದು ಕೊಟ್ಟ ಹಣವನ್ನು ಸೇರಿಸುವಂತಿಲ್ಲ. ಅಂದರೆ ಮಾತುಕತೆಗೆ ಬಂದವನಿಗೆ ಕಾನೂನು ಒಂದಿಷ್ಟು ಅನುಕೂಲ ಮಾಡಿಕೊಡುತ್ತದೆ. ಕೊನೆಯವರೆಗೆ ಕಾದಾಡಿದವನಿಗೆ ಅದು ಸಿಗುವುದಿಲ್ಲ.

ಹೊಸ ಕಾಯ್ದೆಯಡಿ ಮೊದಲು ಮುಗಿದದ್ದು ಮಿಷಿಗನ್ ರಾಜ್ಯದ ಟ್ರೆಂಟನ್‌ನಲ್ಲಿ, ಡೆಟ್ರಾಯಿಟ್ ನದಿಯ 'ಬ್ಲ್ಯಾಕ್ ಲಗೂನ್' ಎಂಬ ಮಡುವಿನ ಕೆಲಸ. 2004ರಲ್ಲಿ ಆರಂಭವಾಗಿ ಮರುವರ್ಷ ಮುಗಿದ ಅದಕ್ಕೆ ಮಿಷಿಗನ್ ರಾಜ್ಯ ತನ್ನ ಸಾಲಪತ್ರದ ನಿಧಿಯಿಂದ ಪಾಲು ಕೊಟ್ಟಿತು. ಆ ಸಾಲಪತ್ರಕ್ಕೆ 1998ರಲ್ಲಿ ಮತದಾರರೇ ಒಪ್ಪಿಗೆ ನೀಡಿದ್ದರು.

ಅಶ್ಟಬ್ಯುಲಾದಲ್ಲಿ ಪಾಲು ಹಂಚಿಕೆ

ಅಶ್ಟಬ್ಯುಲಾದ ಕೆಲಸ ಆರಂಭವಾಗುವಾಗ ಅಂದಾಜು ವೆಚ್ಚ ಸುಮಾರು 5 ಕೋಟಿ ಡಾಲರ್. ಕೇಂದ್ರ ಸರ್ಕಾರ ಅರ್ಧ ಹೊತ್ತಿತು. ಉಳಿದರ್ಧಕ್ಕೆ ಅಶ್ಟಬ್ಯುಲಾ ನಗರ ಬಂದರು ಪ್ರಾಧಿಕಾರ ಅಧಿಕೃತ ಪಾಲುದಾರನಾಯಿತು. ಇದರಲ್ಲಿ 70 ಲಕ್ಷ ಡಾಲರನ್ನು ಓಹಿಯೋ ರಾಜ್ಯ ನೀಡಿತು. ಮಿಕ್ಕದ್ದು ಮುಖ್ಯವಾಗಿ ಕಂಪನಿಗಳ ಗುಂಪಿನಿಂದ ಬಂದಿತು. ಹೂಳೆತ್ತುವ ಕೆಲಸ 2006 ಮತ್ತು 2007ರಲ್ಲಿ ನಡೆಯಿತು.

ಹೂಳನ್ನು ನೀರಿನೊಂದಿಗೆ ಹೀರಿ, ಕೊಳವೆಯ ಮೂಲಕ ಕೆಲವು ಕಿಲೋಮೀಟರ್ ದೂರದ ಭೂಭರ್ತಿಗೆ ಪಂಪ್ ಮಾಡಲಾಯಿತು. ಅಲ್ಲಿ ದಪ್ಪ ಬಟ್ಟೆಯ ದೊಡ್ಡ ಚೀಲಗಳಲ್ಲಿ ತುಂಬಿ ನೀರು ಬಸಿದರು. ಬಸಿದ ನೀರನ್ನು ಶುದ್ಧೀಕರಿಸಿ ಮರಳಿ ಬಿಟ್ಟರು; ಹೂಳನ್ನು ಅಲ್ಲೇ ಭದ್ರವಾಗಿ ಮುಚ್ಚಿದರು. ಈ ಹಂತದಲ್ಲಿ ಹೊರಬಿದ್ದ ಹೂಳು ಸುಮಾರು 5 ಲಕ್ಷ ಘನ ಗಜ. ಕೆಳಭಾಗದ ಹೂಳನ್ನು ಸೇನಾ ಎಂಜಿನಿಯರುಗಳ ದಳ ತೆಗೆಯಿತು. ಮೀನುಗಳಿಗಾಗಿ ದಂಡೆಯ ಬಳಿ ನೆಲೆಗಳನ್ನೂ ನಿರ್ಮಿಸಲಾಯಿತು. ಕೊನೆಗೆ 2021ರಲ್ಲಿ ಅಶ್ಟಬ್ಯುಲಾ ನದಿಯ ಹೆಸರನ್ನು ಮಲಿನ ಪ್ರದೇಶಗಳ ಪಟ್ಟಿಯಿಂದ ಕೈಬಿಡಲಾಯಿತು.

ಉಳಿಯುವ ಪ್ರಶ್ನೆ

ಈ ಸೂತ್ರಕ್ಕೆ ಆಕ್ಷೇಪಗಳಿಲ್ಲದಿಲ್ಲ. ಲಾಭ ಗಳಿಸಿದವರು ಕೆಲವರು, ಶುದ್ಧೀಕರಣಕ್ಕೆ ತೆರಿಗೆ ತೆರುವವರು ಎಲ್ಲರೂ ಎಂಬುದು ಮೊದಲನೆಯದು. 35 ಭಾಗವನ್ನೂ ಹೊಂದಿಸಲಾಗದ ಬಡ ಊರಿನ ಗತಿಯೇನು ಎಂಬುದು ಎರಡನೆಯದು. ಸುಸ್ಥಿತಿಯಲ್ಲಿರುವ ಕಂಪನಿಯಾಗಲಿ, ಹಣವಿರುವ ರಾಜ್ಯವಾಗಲಿ ಜೊತೆಗಿಲ್ಲದಿದ್ದರೆ ಅಂಥ ಊರಿನ ನದಿ ಸರದಿಯಲ್ಲಿ ಹಿಂದೆ ಬೀಳುತ್ತದೆ. ಮೂಲ ಕಾಯ್ದೆಯ ಪ್ರಕಾರ ಕೆಲಸ ಮುಗಿದ ಮೇಲಿನ ನಿರ್ವಹಣೆಯ ಪೂರ್ತಿ ಖರ್ಚೂ ಸ್ಥಳೀಯರದೇ.

ಮರುವಾದವೂ ಅಷ್ಟೇ ಬಲವಾಗಿದೆ. ತಪ್ಪಿತಸ್ಥನ ಪಾಲು ತೀರ್ಮಾನವಾಗುವವರೆಗೆ ಹೂಳು ಸುಮ್ಮನೆ ಕುಳಿತಿರುವುದಿಲ್ಲ. ಪ್ರತಿ ಪ್ರವಾಹಕ್ಕೂ ಅದು ಕದಡಿ ಸರೋವರದತ್ತ ಸರಿಯುತ್ತದೆ, ತಡವಾದಷ್ಟೂ ಹರಡುತ್ತದೆ. ಮೀನಿನ ಎಚ್ಚರಿಕೆ ಹೊರಬಿದ್ದ 1983ರಿಂದ ಪಟ್ಟಿಯಿಂದ ಹೆಸರು ಇಳಿದ 2021ರವರೆಗೆ ಅಶ್ಟಬ್ಯುಲಾಕ್ಕೆ 38 ವರ್ಷ ಹಿಡಿಯಿತು. ಅದರಲ್ಲಿ ಹೂಳನ್ನು ಎತ್ತಲು ಬೇಕಾದದ್ದು ಕೆಲವೇ ವರ್ಷ. ಉಳಿದ ಕಾಲದ ಬಹುಪಾಲು ಸಂದದ್ದು ಹಣ ಯಾರದು ಎಂಬ ತೀರ್ಮಾನಕ್ಕೆ.