ಕ್ಯಾನ್ಸರ್ ಕಳಿಸೋ ‘ಪಾರ್ಸೆಲ್’: ಏನಿದು ಎಕ್ಸೋಸೋಮ್?

ಸ್ತನದಲ್ಲಿ ಶುರುವಾದ ಕ್ಯಾನ್ಸರ್ ಶ್ವಾಸಕೋಶಕ್ಕೋ ಮಿದುಳಿಗೋ ಹೋಗಿ ಸೇರೋದು ಹೇಗೆ? ಕಾರಣ ಹಲವು. ಅದರಲ್ಲೊಂದು ಎಕ್ಸೋಸೋಮ್.

ಜೀವಕೋಶಗಳು ಹೊರಗೆ ಬಿಡುವ ಸಣ್ಣ ಚೀಲಗಳಿವು. ಗಾತ್ರ 30ರಿಂದ 150 ನ್ಯಾನೋಮೀಟರ್. ಒಂದು ಕೂದಲೆಳೆಯ ದಪ್ಪದಲ್ಲಿ ನೂರಾರು ಸಾಲಾಗಿ ಕೂರುತ್ತವೆ. ಒಳಗೆ ಮೈಕ್ರೋಆರ್‌ಎನ್‌ಎ ತುಣುಕುಗಳೂ ಇರುತ್ತವೆ ಅಂತ 2007ರಲ್ಲಿ ಸ್ವೀಡನ್ ವಿಜ್ಞಾನಿಗಳು ತೋರಿಸಿದರು. ಕೋಶದಲ್ಲಿ ಯಾವ ಪ್ರೋಟೀನ್ ಎಷ್ಟು ತಯಾರಾಗಬೇಕು ಅನ್ನೋದಕ್ಕೆ ಕಡಿವಾಣ ಹಾಕೋದು ಈ ತುಣುಕುಗಳ ಕೆಲಸ. (ಮೈಕ್ರೋಆರ್‌ಎನ್‌ಎ ಕಂಡುಹಿಡಿದವರಿಗೇ 2024ರ ವೈದ್ಯಕೀಯ ನೊಬೆಲ್.)

ತೊಂದರೆ ಏನಂದ್ರೆ, ಕ್ಯಾನ್ಸರ್ ಕೋಶವೂ ಇದೇ ಪಾರ್ಸೆಲ್ ಕಳಿಸುತ್ತೆ. ಸ್ತನ ಕ್ಯಾನ್ಸರ್‌ನಿಂದ ಬರುವ ಮಿಆರ್-105 ಎಂಬ ತುಣುಕು ರಕ್ತನಾಳದ ಗೋಡೆಯ ಬೆಸುಗೆಯನ್ನೇ ಸಡಿಲ ಮಾಡೋದು 2014ರಲ್ಲಿ ಇಲಿಗಳ ಮೇಲಿನ ಅಧ್ಯಯನದಲ್ಲಿ ಕಂಡುಬಂತು. ಗೋಡೆ ಸಡಿಲವಾದರೆ ಕ್ಯಾನ್ಸರ್ ಕೋಶಕ್ಕೆ ದಾರಿ ಸಲೀಸು.

ಈ ಚೀಲಗಳು ರಕ್ತ, ಎಂಜಲು, ಮೂತ್ರದಲ್ಲೂ ಸಿಗುತ್ತವೆ. ಹಾಗಾಗಿ ಕ್ಯಾನ್ಸರನ್ನು ಬೇಗ ಪತ್ತೆ ಮಾಡಬಹುದೆಂಬ ಆಸೆ ಇದೆ. ಆದರೆ ಚೀಲ ಬೇರ್ಪಡಿಸುವ ವಿಧಾನ ಬದಲಾದರೆ ಫಲಿತಾಂಶವೂ ಬದಲಾಗುತ್ತೆ. ‘ಒಂದೇ ಬ್ಲಡ್ ಟೆಸ್ಟಲ್ಲಿ ಎಲ್ಲ ಕ್ಯಾನ್ಸರ್ ಗೊತ್ತಾಗುತ್ತೆ’ ಅಂತ ಯಾರಾದರೂ ಅಂಗಡಿಗೆ ಬಂದು ಪ್ಯಾಕೇಜ್ ಹೇಳಿದ್ರೆ, ದುಡ್ಡು ಕೊಡೋ ಮುಂಚೆ ಡಾಕ್ಟರನ್ನು ಕೇಳಿ. ಗಡ್ಡೆ ಕ್ಯಾನ್ಸರ್ ಹೌದೋ ಅಲ್ವೋ ಅಂತ ಖಚಿತಪಡಿಸೋಕೆ ಇವತ್ತಿಗೂ ಬಯಾಪ್ಸಿಯೇ ಬೇಕು. ಗುಟ್ಕಾ ಹಾಕೋರ ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಿ; ಅದಕ್ಕೆ ಯಾವ ಎಕ್ಸೋಸೋಮ್ ಟೆಸ್ಟೂ ಬೇಕಿಲ್ಲ.