ಅಂತರಜಾಲದ ಸಮದೃಷ್ಟಿ

ಜೋಯಿಡಾದ ಅಂಚೆ ಕಚೇರಿಯಲ್ಲಿ ಲಕೋಟೆಯೊಂದನ್ನು ಕೊಟ್ಟರೆ ಅಲ್ಲಿಯವರು ಅದನ್ನು ತೂಗಿ ನೋಡುತ್ತಾರೆ. ತೂಕಕ್ಕೆ ತಕ್ಕ ಅಂಚೆಚೀಟಿ ಹಚ್ಚಲು ಹೇಳುತ್ತಾರೆ. ಒಳಗಿರುವುದು ಮದುವೆಯ ಕರೆಯೋಲೆಯೋ, ಸಾಲ ಕೊಟ್ಟವನ ತಗಾದೆಯೋ ಎಂದು ಕೇಳುವುದಿಲ್ಲ. ಬರೆದವನು ಶ್ರೀಮಂತನೆಂದು ಒಂದು ಪತ್ರವನ್ನು ಮುಂದಕ್ಕೂ ಬಡವನೆಂದು ಇನ್ನೊಂದನ್ನು ಹಿಂದಕ್ಕೂ ಸರಿಸುವುದಿಲ್ಲ. ಸಾಗಿಸುವವನು ತನ್ನ ಕೂಲಿಯನ್ನು ಪಡೆಯಲಿ, ಆದರೆ ಸರಕಿನಲ್ಲಿ ತನ್ನದು ಪರರದು ಎಂಬ ಭೇದವೆಣಿಸದಿರಲಿ ಎಂಬುದು ಬಹಳ ಹಳೆಯ ನ್ಯಾಯ. ಈ ನ್ಯಾಯವು ಅಂತರಜಾಲಕ್ಕೂ ಸಲ್ಲಬೇಕೆ ಎಂಬುದೇ ಈ ಭಾಷಣದ ವಿಷಯ. ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ 2003ರಲ್ಲಿ ಇದಕ್ಕೆ ‘ನೆಟ್‌ವರ್ಕ್ ನ್ಯೂಟ್ರಾಲಿಟಿ’ ಎಂದು ಹೆಸರಿಟ್ಟರು. ಜಾಲದ ತಟಸ್ಥತೆ ಎಂಬ ಮಾತು ಕನ್ನಡದಲ್ಲಿ ಬಳಕೆಗೆ ಬಂದಿದೆ. ಸಮದೃಷ್ಟಿ ಎಂದರೆ ಅರ್ಥ ಇನ್ನಷ್ಟು ಹತ್ತಿರವಾದೀತು.

ಸೇವೆ ಒದಗಿಸುವ ಕಂಪನಿಗಳಿಗೆ ಈ ನಿಯಮ ಏಕೆ ಹಿಡಿಸುವುದಿಲ್ಲ? ಟವರ್ ನಿಲ್ಲಿಸಲು, ಕೇಬಲ್ ಹಾಸಲು, ತರಂಗಗಳನ್ನು ಹರಾಜಿನಲ್ಲಿ ಕೊಳ್ಳಲು ಅವು ಅಪಾರ ಹಣ ಹೂಡುತ್ತವೆ. ಹಿಂದೆ ಆ ಹಣ ದೂರವಾಣಿ ಕರೆಗಳಿಂದಲೂ ಸಂದೇಶಗಳಿಂದಲೂ ಮರಳಿ ಬರುತ್ತಿತ್ತು. ಅಂತರಜಾಲದ ಮೂಲಕವೇ ಮಾತನಾಡಲು ಸಾಧ್ಯವಾದಾಗ ಆ ಆದಾಯಕ್ಕೆ ಪೆಟ್ಟು ಬಿತ್ತು. ಮುಂಡಗೋಡಿನಲ್ಲಿ 1966ರಲ್ಲಿ ನೆಲೆಗೊಂಡ ಟಿಬೆಟನ್ ವಸತಿಯನ್ನು ನೆನೆಯಿರಿ. ಅಲ್ಲಿಯ ಅನೇಕ ಕುಟುಂಬಗಳ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ಇಂತಹ ಮನೆಗಳಿಗೆ ಅಂತರಜಾಲದ ಕರೆ ಎಂದರೆ ದುಬಾರಿಯಾದ ವಿದೇಶಿ ಕರೆಯಿಂದ ಬಿಡುಗಡೆ. ಏರ್‌ಟೆಲ್ ಕಂಪನಿಯು 2014ರ ಡಿಸೆಂಬರ್‌ನಲ್ಲಿ ಇಂತಹ ಕರೆಗಳಿಗೆ ಬೇರೆಯೇ ದರ ವಿಧಿಸುವುದಾಗಿ ಸಾರಿತು. ಜನರ ವಿರೋಧವೆದ್ದಾಗ ಕೆಲವೇ ದಿನಗಳಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಡೇಟಾಕ್ಕೆ ಒಮ್ಮೆ ಹಣ ತೆತ್ತವನು ಅದರಲ್ಲಿ ಮಾತನಾಡಿದರೆ ಮತ್ತೊಮ್ಮೆ ತೆರಬೇಕೆ ಎಂಬುದು ಜನರ ಪ್ರಶ್ನೆಯಾಗಿತ್ತು.

ಇನ್ನೊಂದು ದಾರಿ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಗ್ರಾಹಕನಿಂದ ಹೆಚ್ಚು ಕೇಳುವುದಿಲ್ಲ. ಬದಲಾಗಿ ಅವನಿಗೆ ಉಚಿತವಾಗಿಯೇ ಕೊಡುತ್ತಾರೆ. 2015ರ ಏಪ್ರಿಲ್‌ನಲ್ಲಿ ಬಂದ ‘ಏರ್‌ಟೆಲ್ ಝೀರೋ’ ಯೋಜನೆಯಲ್ಲಿ ಹಣ ಕೊಡುವವರು ವ್ಯಾಪಾರಿ ಕಂಪನಿಗಳು. ಹಾಗೆ ಕೊಟ್ಟವರ ತಾಣ ಜನರಿಗೆ ಉಚಿತ. ಫೇಸ್‌ಬುಕ್ಕಿನ ‘ಫ್ರೀ ಬೇಸಿಕ್ಸ್’ ಕೆಲವೇ ಆಯ್ದ ತಾಣಗಳನ್ನು ಉಚಿತವಾಗಿ ತೆರೆದಿಟ್ಟಿತು. ಉಚಿತವಾದುದನ್ನು ಬೇಡವೆನ್ನುವವರುಂಟೆ? ಆದರೆ ದಾಂಡೇಲಿಯ ಕಾಡಿನಂಚಿನಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುವವನೊಬ್ಬನನ್ನು ಊಹಿಸಿಕೊಳ್ಳಿ. ಅವನಿಗೂ ಅಂತರಜಾಲದಲ್ಲಿ ಒಂದು ಪುಟವಿದೆ. ಊರೂರಿನ ಕೋಣೆಗಳನ್ನು ಕಾದಿರಿಸುವ ದೊಡ್ಡ ಕಂಪನಿಯೊಂದು ಹಣ ತೆತ್ತು ತನ್ನ ತಾಣವನ್ನು ಉಚಿತವಾಗಿಸಿದರೆ, ಪ್ರವಾಸಿಗಳು ಮೊದಲು ಹೋಗುವುದು ಅಲ್ಲಿಗೇ. ಆಗ ಅವನು ಆ ಕಂಪನಿಗೆ ದಲ್ಲಾಳಿ ತೆತ್ತು ಅದರ ನೆರಳಿನಲ್ಲಿ ಬದುಕಬೇಕಾದೀತು. ಉಚಿತದ ಬೆಲೆಯನ್ನು ತೆರುವವನು ಅವನೇ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2015ರ ಮಾರ್ಚ್‌ನಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಮಿಕ್ಕಿ ಇ-ಮೇಲ್‌ಗಳು ಬಂದವು. 2016ರ ಫೆಬ್ರವರಿ 8ರಂದು ಅದು ಹೊರಡಿಸಿದ ನಿಯಮದ ಸಾರ ಇಷ್ಟು: ಡೇಟಾದ ದರವು ಅದರ ಪ್ರಮಾಣವನ್ನು ಅನುಸರಿಸಬಹುದು, ಒಳಗಿನ ವಿಷಯವನ್ನು ಅನುಸರಿಸಕೂಡದು. ತಪ್ಪಿದವರಿಗೆ ದಿನಕ್ಕೆ 50 ಸಾವಿರ ರೂಪಾಯಿ ದಂಡ. ಒಟ್ಟು ಮಿತಿ 50 ಲಕ್ಷ. 2018ರಲ್ಲಿ ಕೇಂದ್ರ ಸರ್ಕಾರವು ಪರವಾನಗಿಯ ಷರತ್ತುಗಳನ್ನೇ ತಿದ್ದಿ, ಯಾವುದೇ ವಿಷಯವನ್ನು ತಡೆಯುವುದನ್ನೂ ನಿಧಾನಗೊಳಿಸುವುದನ್ನೂ ಹೆಚ್ಚು ವೇಗ ಕೊಟ್ಟು ಮೆರೆಸುವುದನ್ನೂ ನಿಷೇಧಿಸಿತು. ತುರ್ತು ಸೇವೆಗಳಿಗೂ ಕೆಲವು ವಿಶೇಷ ಸೇವೆಗಳಿಗೂ ವಿನಾಯಿತಿ ಉಂಟು.

ಇಲ್ಲಿ ವಾರಪತ್ರಿಕೆಯ ಓದುಗರು ಒಂದು ಆಕ್ಷೇಪ ಎತ್ತಬಹುದು. ನೋಂದಾಯಿತ ಪತ್ರಿಕೆಗಳಿಗೆ ಅಂಚೆ ಇಲಾಖೆ ರಿಯಾಯಿತಿ ದರ ಕೊಡುತ್ತದೆಯಲ್ಲ, ಅದು ಪಕ್ಷಪಾತವಲ್ಲವೆ? ರಿಯಾಯಿತಿ ನಿಜ. ಆದರೆ ಅದು ನೋಂದಣಿಯ ನಿಯಮ ಪಾಲಿಸಿದ ಪತ್ರಿಕೆಗಳೆಲ್ಲಕ್ಕೂ ಸಮಾನವಾದುದು. ಕಾನೂನಿನ ಮೂಲಕ, ಎಲ್ಲರ ಕಣ್ಣೆದುರು ಕೊಟ್ಟದ್ದು. ಒಂದು ಪತ್ರಿಕೆಯೊಡನೆ ಒಳ ಒಪ್ಪಂದ ಮಾಡಿಕೊಂಡು ಮತ್ತೊಂದರ ಬಂಗಿಯನ್ನು ಮೂಲೆಗೆ ಎಸೆಯುವುದು ಬೇರೆಯೇ ಮಾತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಜೋಯಿಡಾದಿಂದಲೇ ಬರುತ್ತದೆ. ಅದು ಕರ್ನಾಟಕದ ಅತಿ ವಿರಳ ಜನವಸತಿಯ ತಾಲ್ಲೂಕುಗಳಲ್ಲೊಂದು. ಇಲ್ಲಿ ನಾಲ್ಕು ಮನೆ, ಗುಡ್ಡದಾಚೆ ಆರು ಮನೆ. ನಡುವೆ ದಟ್ಟವಾದ ಕಾಡು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಜಿಲ್ಲೆಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದುಂಟು. ಟವರೇ ಇಲ್ಲದ ಊರಿಗೆ ಸಮದೃಷ್ಟಿಯಿಂದೇನು ಫಲ? ದೊಡ್ಡ ತಾಣಗಳಿಂದ ಪಾಲು ಪಡೆಯಲು ಬಿಟ್ಟರೆ ಆ ಹಣದಿಂದ ಹೆಚ್ಚು ಟವರ್‌ಗಳೆದ್ದಾವು ಎಂದು ಕಂಪನಿಗಳು ವಾದಿಸುತ್ತವೆ.

ಪ್ರಶ್ನೆ ನ್ಯಾಯವಾದುದೇ, ಉತ್ತರ ಮಾತ್ರ ಸರಿಯಲ್ಲ. ಹಳಿಯಾಳದ ಪೇಟೆಯಲ್ಲಿ ಒಂದು ಟವರ್‌ಗೆ ಸಿಗುವ ಗ್ರಾಹಕರಲ್ಲಿ ಒಂದು ಅಂಶವೂ ಜೋಯಿಡಾದ ಒಳ ಊರಿನಲ್ಲಿ ಸಿಗಲಾರರು. ಲಾಭವನ್ನೇ ಲೆಕ್ಕ ಹಾಕುವ ಕಂಪನಿ ಹೊಸದಾಗಿ ಬಂದ ಹಣವನ್ನೂ ಪೇಟೆಯಲ್ಲಿಯೇ ಹೂಡುವುದು ಸಹಜ. ಕಾಡಿನ ಊರಿಗೆ ಟವರ್ ತರಬೇಕಾದರೆ ಅದಕ್ಕೆಂದೇ ಮೀಸಲಾದ ಹಣ ಬೇಕು. ಅದು ಇಲ್ಲದೆಯೂ ಇಲ್ಲ. ದೂರಸಂಪರ್ಕ ಕಂಪನಿಗಳ ಲೆಕ್ಕಹಾಕಿದ ಆದಾಯದಲ್ಲಿ ಶೇಕಡಾ 5ರಷ್ಟು ಒಂದು ಸಾರ್ವಜನಿಕ ನಿಧಿಗೆ ಸೇರುತ್ತದೆ. 2002ರಲ್ಲಿ ಆರಂಭವಾದ ಆ ನಿಧಿಗೆ ಈಗ ‘ಡಿಜಿಟಲ್ ಭಾರತ್ ನಿಧಿ’ ಎಂದು ಹೆಸರು. ಮೊಬೈಲ್ ಸೇವೆ ತಲುಪದ 24,680 ಗ್ರಾಮಗಳಿಗೆ 4ಜಿ ಒಯ್ಯಲು 26,316 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟವು 2022ರ ಜುಲೈನಲ್ಲಿ ಒಪ್ಪಿಗೆಯಿತ್ತು. ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಟವರ್ ಬರಲಿಲ್ಲವೆಂದರೆ ನಾವು ಲೆಕ್ಕ ಕೇಳಬೇಕಾದುದು ಇಲ್ಲಿ.

ಅಮೆರಿಕದಲ್ಲಿ ಈ ನಿಯಮ 2015ರಲ್ಲಿ ಬಂದು, 2017ರಲ್ಲಿ ರದ್ದಾಗಿ, 2024ರಲ್ಲಿ ಮರಳಿ, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ನಿಯಮವೊಂದು ಕಾಗದದ ಮೇಲಿದೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ದಾರಿ ಇಲ್ಲದ ಊರಿಗೆ ದಾರಿ ಬೇಕು. ಬಂದ ದಾರಿ ಎಲ್ಲರಿಗೂ ಒಂದೇ ಆಗಿರಬೇಕು. ಇವು ಎರಡು ಬೇರೆ ಬೇರೆ ಋಣಗಳು. ಒಂದನ್ನು ತೀರಿಸುವ ನೆಪದಲ್ಲಿ ಇನ್ನೊಂದನ್ನು ಮನ್ನಾ ಮಾಡಿಸಿಕೊಳ್ಳಲು ಯಾರಿಗೂ ಅವಕಾಶ ಕೊಡಬಾರದು.