ಕತ್ತಲಾದ ಮೇಲೆ ಸ್ವಾಮಿ

ಚಾಮರಾಜನಗರ ಬಿಟ್ಟು ಸತ್ಯಮಂಗಲದ ದಾರಿ ಹಿಡಿದರೆ, ಹೊಲಗಳು ಹಿಂದೆ ಸರಿದು ಲಂಟಾನದ ಪೊದೆಗಳು ರಸ್ತೆಯಂಚಿಗೇ ಬಂದು ನಿಲ್ಲುವ ಹೊತ್ತಿಗೆ ಪುಣಜನೂರು. ಇಳಿಹೊತ್ತಿನಲ್ಲಿ ಇಲ್ಲಿ ಕೊಂಚ ನಿಲ್ಲೋಣ. ಕಬ್ಬು ಹೇರಿಕೊಂಡ ಲಾರಿಗಳು ಚೆಕ್‌ಪೋಸ್ಟಿನ ಮುಂದೆ ಕಿರ್ರೆಂದು ಬ್ರೇಕು ಹಾಕುತ್ತವೆ. ಡೀಸೆಲ್ ಹೊಗೆಯೊಳಗೇ ಕಬ್ಬಿನ ಸಿಹಿ ವಾಸನೆ. ಆ ವಾಸನೆಗೇ ಮುಂದೆ ಆಸನೂರಿನ ಕಡೆ ಆನೆಗಳು ರಸ್ತೆಗಿಳಿದು ಲಾರಿಗಳನ್ನು ಅಡ್ಡಗಟ್ಟುವುದು. ಹಗಲೆಲ್ಲ ಈ ರಸ್ತೆ ಹಾರನ್ನಿನದು, ಬಸ್ಸಿನದು, ಅವಸರದ್ದು.

ಹೊತ್ತು ಮುಳುಗಿತೆನ್ನಿ, ಕತ್ತಲು ಮೊದಲು ಬಿದಿರುಮೆಳೆಯ ಬುಡಕ್ಕೆ ಬರುತ್ತದೆ, ಆಮೇಲೆ ಮರಗಳ ನಡುವೆ, ಕೊನೆಗೆ ಡಾಂಬರಿಗೆ. ಇದೇ ದಾರಿಯ ದಿಂಬಂ ಘಾಟಿಯ 27 ತಿರುವುಗಳಲ್ಲಿ ರಾತ್ರಿ ಸಂಚಾರಕ್ಕೆ ಮದ್ರಾಸ್ ಹೈಕೋರ್ಟಿನ ಆದೇಶದಿಂದ 2022ರ ಫೆಬ್ರುವರಿಯಲ್ಲಿ ಕಡಿವಾಣ ಬಿದ್ದ ಮೇಲೆ ಈ ಕತ್ತಲು ಇನ್ನಷ್ಟು ಗಟ್ಟಿಯಾಗಿದೆ. ಎಲ್ಲೋ ಒಂದು ಕಡವೆ ಕೂಗುತ್ತದೆ. ಒಣಗಿದೆಲೆ ಚರಕ್ಕೆನ್ನುತ್ತದೆ. ಇಲಿಯೇ ಇರಬಹುದು, ಆದರೆ ಕಿವಿಗೆ ಅದು ಹುಲಿ.

ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಹುಡುಗ ಸ್ವಾಮಿ ನನಗೆ ನೆನಪಾಗುವುದು ಇಂಥ ಹೊತ್ತಿನಲ್ಲೇ. ಬೋರ್ಡ್ ಹೈಸ್ಕೂಲಿನ ಹೆಡ್‌ಮಾಸ್ಟರ ಕೈಯಿಂದ ಬೆತ್ತ ಕಿತ್ತು ಕಿಟಕಿಯಾಚೆ ಎಸೆದು, ತನ್ನ ಊರಾದ ಮಾಲ್ಗುಡಿಯನ್ನು ಬಿಟ್ಟು ಓಡಿದ ಹುಡುಗನಿಗೆ ಕತ್ತಲಾದದ್ದು ಮೆಂಪಿ ಕಾಡಿನ ದಾರಿಯಲ್ಲಿ. ಮೆಂಪಿ ಯಾವ ನಕ್ಷೆಯಲ್ಲೂ ಇಲ್ಲ. ಆದರೂ ಮೈಸೂರಿನಲ್ಲಿ ಬಾಳಿದ ಆ ಲೇಖಕರ ಕಾಡು ಈ ಸೀಮೆಯವರಿಗೆ ಪರಕೀಯ ಅನ್ನಿಸುವುದೇ ಇಲ್ಲ.

1935ರಲ್ಲಿ ಹೊರಬಂದ ಆ ಕಾದಂಬರಿ ತೆರೆದುಕೊಳ್ಳುವುದು ಸೋಮವಾರದ ಬೆಳಿಗ್ಗೆ. ಸ್ವಾಮಿಯ ಹಗಲು ಅವನದಲ್ಲ; ಶಾಲೆಯ ಗಂಟೆಯದು, ಮೇಷ್ಟ್ರದು, ರಜೆಯಲ್ಲೂ ಲೆಕ್ಕ ಮಾಡಿಸುವ ಅಪ್ಪನದು. ರಾತ್ರಿ ಊಟವಾದ ಮೇಲೆ ಮಾತ್ರ ಅವನು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಏಲಕ್ಕಿ ಲವಂಗದ ವಾಸನೆಯಲ್ಲಿ ಮುದುಡಿ, ಗೆಳೆಯ ರಾಜಮ್‌ನ ದೊಡ್ಡಸ್ತಿಕೆ ಕೊಚ್ಚಿಕೊಳ್ಳುತ್ತಾನೆ. ಅವನಿಗೆ ಗೊತ್ತಿದ್ದ ಕತ್ತಲು ಅಷ್ಟೇ, ಅಜ್ಜಿಯ ಸೆರಗಿನಷ್ಟು. ಮೆಂಪಿಯ ಕತ್ತಲಿಗೆ ತೊಡೆಯಿಲ್ಲ, ಏಲಕ್ಕಿಯಿಲ್ಲ. ಸದ್ದಿಗೊಂದು ಮೃಗ ಹುಟ್ಟುತ್ತದೆ, ಹುಡುಗ ಓಡುತ್ತಾನೆ, ಎಚ್ಚರ ತಪ್ಪಿ ಬೀಳುತ್ತಾನೆ. ಬೆಳಗಾದ ಮೇಲೆ ಅವನು ಕಣ್ಣಿಗೆ ಬಿದ್ದದ್ದು ರಂಗನೆಂಬ ಗಾಡಿಯವನಿಗೆ. ಈ ರಾತ್ರಿಯನ್ನು ಸಾಹಸದ ಪ್ರಸಂಗವೆಂದು ಓದಿಬಿಡುವವರಿದ್ದಾರೆ. ನನಗೆ ಇಡೀ ಪುಸ್ತಕದ ನಡುಗಂಬ ಇದೇ: ಹಗಲು ಎಷ್ಟು ಗದರಿದರೂ ಬೆಳೆಸಲಾಗದ ಹುಡುಗನನ್ನು ಒಂದು ಇರುಳು ಒಂಟಿಯಾಗಿ ನಿಲ್ಲಿಸಿತು.

ಪುಣಜನೂರಿನ ಸುತ್ತಣ ಪೋಡುಗಳ, ಅಂದರೆ ಹಾಡಿಗಳ, ಸೋಲಿಗರ ಮಕ್ಕಳಿಗೆ ಇರುಳಿನ ಈ ಪಾಠವನ್ನು ಹೇಳಿಕೊಡಬೇಕಾಗಿಲ್ಲ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಬಿಳಿಗಿರಿರಂಗನ ಕಾಡು ಅವರ ಮನೆಯ ಹಿಂದೆಯೇ ಇದೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಅಪ್ಪಂದಿರ ಜೊತೆ ಅಟ್ಟಣೆಯೇರಿ, ಕೆಳಗೆ ಉರಿಯುವ ಕೊರಡಿನ ಹೊಗೆ ಕುಡಿಯುತ್ತಾ, ಯಾವ ಸದ್ದು ಹಂದಿಯದು, ಯಾವುದು ಆನೆಯದು ಎಂದು ಕಿವಿಯಲ್ಲೇ ಕಲಿಯುತ್ತಾರೆ. ಸ್ವಾಮಿಗೆ ಹಾಗೆ ಪಕ್ಕದಲ್ಲಿ ಕೂತು ಸದ್ದಿನ ಹೆಸರು ಹೇಳುವವರು ಯಾರೂ ಇರಲಿಲ್ಲ.

ಊರಿಗೆ ಮರಳಿದ ಸ್ವಾಮಿಗೆ ತಾನು ಆಡಬೇಕಿದ್ದ ಕ್ರಿಕೆಟ್ ಪಂದ್ಯ ತಪ್ಪಿತ್ತು, ರಾಜಮ್‌ನ ಗೆಳೆತನವೂ ಮುರಿದಿತ್ತು. ನಾರಾಯಣ್ ಕೊನೆಗೆ ನಮಗೆ ಪೂರ್ತಿ ಹಗಲನ್ನೂ ಕೊಡುವುದಿಲ್ಲ, ಪೂರ್ತಿ ಇರುಳನ್ನೂ ಕೊಡುವುದಿಲ್ಲ. ಮಂಗಳವಾರ ಬೆಳಗಿನ ಜಾವ, ಮಾಲ್ಗುಡಿಯ ನಸುಗತ್ತಲ ಸ್ಟೇಷನ್ನಿನಲ್ಲಿ, ಊರು ಬಿಡುತ್ತಿರುವ ರಾಜಮ್‌ಗೆ ಆಂಡರ್ಸನ್ನನ ಕತೆಗಳ ಪುಸ್ತಕ ಕೊಡಲು ಸ್ವಾಮಿ ಬಂದಿದ್ದಾನೆ. ರೈಲು ಹೊರಟ ಮೇಲೆ ಇನ್ನೊಬ್ಬ ಗೆಳೆಯ ಮಣಿ ಸಮಾಧಾನದ ಮಾತು ಹೇಳುತ್ತಾನೆ. ಸ್ವಾಮಿ ಅದು ನಿಜವೇ ಎಂದು ಅವನ ಮುಖದಲ್ಲಿ ಹುಡುಕುತ್ತಾನೆ. ಮೊದಲಿನ ಸ್ವಾಮಿಯಾಗಿದ್ದರೆ ಕೇಳಿದ ಕೂಡಲೇ ನಂಬಿಬಿಡುತ್ತಿದ್ದ.